ಕಿಟಕಿ ಮುಚ್ಚಿ ಎಂದವರು ಯಾರು?

ಚಳಿಗಾಲದ ಇಂಧನ ಉಳಿತಾಯ ಅಭಿಯಾನದ ಮುಖ್ಯ ಅಧಿಕಾರಿಗಳೇ,

ನನ್ನ ತಂಗಿಯೂ ಅವಳ ಹಸುಗೂಸೂ ಬಾಣಂತಿ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದದ್ದಕ್ಕೆ "ಮನೆಯ ಹಿರಿಯ ಮಹಿಳೆಯ ಅಜ್ಞಾನವೇ ಕಾರಣ" ಎಂದು ನೀವು ಭಟ್ಕಳದಲ್ಲಿ ಪತ್ರಕರ್ತರ ಮುಂದೆ ಹೇಳಿದಿರಿ. ಆ ಹಿರಿಯ ಮಹಿಳೆ ನನ್ನ ಅಮ್ಮ, ಹೆಸರು ಗಂಗಿ. ಅವಳು ಅಂದು ಮಾಡಿದ್ದು ನಿಮ್ಮ ಕಚೇರಿಯ ಕರಪತ್ರದಲ್ಲಿ ಅಚ್ಚಾಗಿದ್ದನ್ನು, ನಿಮ್ಮ ಸಿಬ್ಬಂದಿ ನಮ್ಮೂರಿನ ಸಭೆಯಲ್ಲಿ ಬಾಯಿಬಿಟ್ಟು ಹೇಳಿಕೊಟ್ಟದ್ದನ್ನು. ಹೇಳಿಕೊಟ್ಟವರು ತಜ್ಞರು, ಹೇಳಿದಂತೆ ಕೇಳಿದವಳು ಅಜ್ಞಾನಿ! ನಿಮ್ಮ ಹೇಳಿಕೆ ಪತ್ರಿಕೆಯಲ್ಲಿ ಬಂದದ್ದರಿಂದ ನಮ್ಮ ಉತ್ತರವೂ ಪತ್ರಿಕೆಯಲ್ಲೇ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಶ್ರೀಮತಿ. ಊರು ಅಘನಾಶಿನಿ, ಕೆಲಸ ಕುಮಟಾದ ಒಂದು ಬಟ್ಟೆ ಅಂಗಡಿಯಲ್ಲಿ. ಅಪ್ಪ ದೋಣಿಯ ಕೆಲಸದಲ್ಲಿದ್ದವರು, ಈಗಿಲ್ಲ. ಅಮ್ಮ ಹೊಳೆಯಲ್ಲಿ ಬಳಚಿನ ಚಿಪ್ಪು ಹೆಕ್ಕಿ, ಬೇಯಿಸಿ, ಮಾಂಸ ಬಿಡಿಸಿ ಮಾರಿಯೇ ನಮ್ಮಿಬ್ಬರನ್ನು ದೊಡ್ಡವರನ್ನಾಗಿ ಮಾಡಿದಳು. ತಂಗಿ ಸುಪ್ರಿಯಾಳನ್ನು ಮುರ್ಡೇಶ್ವರಕ್ಕೆ ಕೊಟ್ಟಿದೆ. ಅವಳ ಗಂಡ ನರೇಶ ಮೀನುಗಾರಿಕೆ ಬೋಟಿನಲ್ಲಿ ದುಡಿಯುತ್ತಾನೆ. ಮೊದಲ ಹೆರಿಗೆಯಾದ್ದರಿಂದ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣು ಮಗು. ಹೆಸರಿಡುವ ಶಾಸ್ತ್ರ ಇನ್ನೂ ಆಗಿರಲಿಲ್ಲ.

ಬಾಣಂತಿ ಇರುವ ಮನೆಯಲ್ಲಿ ಚಳಿಗಾಲದಲ್ಲಿ ಒಲೆಗೆ ಬಿಡುವಿಲ್ಲ ಎಂಬುದು ನಿಮಗೆ ಗೊತ್ತಿರಲಾರದು. ತಾಯಿಯ ಮೈಗೆ ಹಂಡೆಗಟ್ಟಲೆ ಬಿಸಿನೀರು, ಮಗುವಿಗೆ ಬೇರೆ ನೀರು, ಹೊತ್ತುಹೊತ್ತಿಗೆ ಗಂಜಿ, ಕಷಾಯ. ಈ ಸಲ ಮಳೆ ಕಾರ್ತಿಕ ಮಾಸ ದಾಟಿದರೂ ಬಿಡದೆ, ಒಟ್ಟಿಟ್ಟ ಕಟ್ಟಿಗೆಯೆಲ್ಲ ಹಸಿಯಾಗಿತ್ತು. ಗ್ಯಾಸ್ ಸಿಲಿಂಡರಂತೂ ತರಿಸಿದಷ್ಟೇ ಬೇಗ ಖಾಲಿ. ಅಮ್ಮ ಹಗಲೆಲ್ಲ ತೆಂಗಿನ ಮಡಲು, ಗಾಳಿಮರದ ಕಡ್ಡಿ ಆರಿಸಿ ತರುತ್ತಿದ್ದಳು. ಅಂಥ ಹೊತ್ತಿನಲ್ಲಿ ನಿಮ್ಮ ಅಭಿಯಾನದ ಜೀಪು ನಮ್ಮೂರಿಗೆ ಬಂತು. ಕಡಿಮೆ ಖರ್ಚಿನಲ್ಲಿ ಬೆಚ್ಚಗಿರುವುದು, ಅಡುಗೆ ಮಾಡುವುದು ಹೇಗೆ ಎಂದು ಕಲಿಸುತ್ತಾರಂತೆ ಎಂದಾಗ ಅಮ್ಮ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಹೋಗಿ ಕೂತಳು.

ಕರಪತ್ರವನ್ನು ನಾನೂ ಓದಿದ್ದೇನೆ. ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸಿ, ಕಾಳು ನೆನೆಸಿಟ್ಟು ಬೇಯಿಸಿ ಎಂದಿದೆ. ಒಳ್ಳೆಯ ಮಾತು, ತಕರಾರಿಲ್ಲ. ಅದರ ಕೆಳಗೆ, ಕೋಣೆ ಬಿಸಿಮಾಡುವ ಯಂತ್ರದ ಉಷ್ಣತೆಯನ್ನು ಒಂದು ಡಿಗ್ರಿ ತಗ್ಗಿಸಿ ಎಂದಿದೆ. ಕಿಟಕಿಗೆ ಎರಡು ಪದರದ ಗಾಜು ಹಾಕಿಸಿ ಎಂದಿದೆ. ಜನವರಿಯ ಮಧ್ಯಾಹ್ನವೂ ಬೆವರು ಒರೆಸಿಕೊಳ್ಳುವ ಕುಮಟಾ, ಹೊನ್ನಾವರದ ಜನಕ್ಕೆ ಈ ಬುದ್ಧಿವಾದ! ಯಾವ ಹಿಮದ ದೇಶದ ಯಾವ ಮನೆಗೆ ಬರೆದದ್ದನ್ನು ನಿಮ್ಮವರು ಕನ್ನಡಕ್ಕೆ ಇಳಿಸಿದರೋ ಕಾಣೆ. ಅಂಗಡಿಯಲ್ಲಿ ನಾವು ಅದನ್ನು ಓದಿ ನಕ್ಕೆವು. ಆದರೆ ಅದರ ಕೆಳಗಿನ ಸಲಹೆ ನಗುವಂಥದ್ದಾಗಿರಲಿಲ್ಲ. ನಿಮ್ಮದೇ ಅಕ್ಷರಗಳಲ್ಲಿ ಕೊಡುತ್ತೇನೆ: "ನೀರು ಕಾಯಿಸಿದ ಮೇಲೆ ಉಳಿದ ಕೆಂಡವನ್ನು ವ್ಯರ್ಥ ಮಾಡದಿರಿ. ಕಬ್ಬಿಣದ ಬಾಣಲೆಯಲ್ಲಿ ತುಂಬಿ ಮಲಗುವ ಕೋಣೆಯಲ್ಲಿಡಿ. ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ, ಸಂದುಗಳಿಗೆ ಬಟ್ಟೆ ತುರುಕಿ. ಅದೇ ಕೆಂಡದ ಮೇಲೆ ಗಂಜಿ, ಬೇಳೆ ಬೇಯಿಸಿಕೊಳ್ಳಬಹುದು."

ಇದನ್ನು ಬರೆದವರಿಗೆ, ತಿದ್ದಿದವರಿಗೆ, ಅಚ್ಚಿಗೆ ಕಳಿಸಲು ಸಹಿ ಹಾಕಿದ ನಿಮಗೆ, ಒಬ್ಬರಿಗಾದರೂ ಅನುಮಾನ ಬರಲಿಲ್ಲವೆ? ಉರಿಯುವ ಕೆಂಡವೂ ಮಲಗಿದ ಮನುಷ್ಯರೂ ಒಂದೇ ಮುಚ್ಚಿದ ಕೋಣೆಯಲ್ಲಿದ್ದರೆ ಏನಾಗುತ್ತದೆ ಎಂದು ಯಾವ ವೈದ್ಯರನ್ನಾದರೂ ಕೇಳಿದಿರಾ?

ನೀವು ಕೇಳಲಿಲ್ಲ, ಅಮ್ಮ ಕೇಳಿದಳು. ಅಂದು ಸಭೆಯಲ್ಲಿ ನಾನು ಅವಳ ಪಕ್ಕದಲ್ಲೇ ಇದ್ದೆ. ಹಳೆಯ ಹೆಂಚಿನ ಮನೆಯಲ್ಲೂ ಬಾಣಂತಿಗೆ ಕೆಂಡ ಇಡುತ್ತಿದ್ದರು. ಆದರೆ ಆಗ ಹೆಂಚಿನ ಸಂದಿನಿಂದ ಬೆಳಕೂ ಬರುತ್ತಿತ್ತು, ಗಾಳಿಯೂ ಬರುತ್ತಿತ್ತು. ಈಗ ಸುಪ್ರಿಯಾ ಮಲಗಿದ್ದು ಸರ್ಕಾರದ ವಸತಿ ಯೋಜನೆಯಲ್ಲಿ ಕಟ್ಟಿಸಿದ ಹೊಸ ಕೋಣೆಯಲ್ಲಿ. ಮೇಲೆ ಸಿಮೆಂಟಿನ ಸ್ಲ್ಯಾಬು, ಇರುವುದೊಂದೇ ಕಿಟಕಿ. ಅಮ್ಮನ ಮನಸ್ಸಿನಲ್ಲಿ ಅದೇ ಇತ್ತು.

"ಸಾರ್, ನಮ್ದು ಸ್ಲಾಬಿನ ಕೋಣೆ. ಬಾಣಂತಿ, ಮಗು ಇದ್ದಾರೆ. ಅಲ್ಲೂ ಹೀಂಗೇ ಮಾಡುಕೆ ಅಡ್ಡಿಲ್ವಾ?" ಎಂದು ಎದ್ದು ನಿಂತು ಕೇಳಿದಳು.

ನಿಮ್ಮ ಸಿಬ್ಬಂದಿ ನಕ್ಕು ಹೇಳಿದರು: "ಅಮ್ಮಾ, ಸ್ಲ್ಯಾಬಿನ ಮನೆ ಅಂದ್ರೆ ಇನ್ನೂ ಒಳ್ಳೇದು. ಬಿಸಿ ಹೊರಗೆ ಹೋಗೋದೇ ಇಲ್ಲ. ಬಾಣಂತಿಗೆ ಅದಕ್ಕಿಂತ ಬೆಚ್ಚಗಿನ ಜಾಗ ಬೇಕಾ?"

"ಕಿಟಕಿ ಒಂಚೂರು ತೆಗೆದಿಡುಕೆ ಬೇಡ್ವಾ?"

"ತೆಗೆದ್ರೆ ಉಳಿತಾಯ ಎಂಥದ್ದಮ್ಮ?"

ಸಭೆಯಲ್ಲಿದ್ದವರೆಲ್ಲ ನಕ್ಕರು. ಅಮ್ಮ ನಾಚಿ ಕೂತಳು. ಪಕ್ಕದ ಮನೆಯ ಬೀರಣ್ಣನೂ ಅಲ್ಲಿದ್ದ, ಬಳಚು ಹೆಕ್ಕುವ ಹೆಂಗಸರೂ ಇದ್ದರು. ಕರೆದರೆ ಎಲ್ಲರೂ ಬಂದು ಸಾಕ್ಷಿ ಹೇಳುತ್ತಾರೆ.

ಅವಘಡ ನಡೆದ ದಿನ ನನಗೆ ರಜೆ. ಬೆಳಿಗ್ಗೆ ಹೊಳೆಯ ಕಡೆಯಿಂದ ಒಳ್ಳೆಯ ಚಳಿ ಬೀಸುತ್ತಿತ್ತು. ಅಮ್ಮ ಸುಪ್ರಿಯಾಳಿಗೆ ನೀರೆರೆದು, ಮಗುವಿಗೂ ಎರೆದು, ಇಬ್ಬರನ್ನೂ ಹೊದೆಸಿ ಮಲಗಿಸಿದಳು. ಬಚ್ಚಲೊಲೆಯ ಕೆಂಡವನ್ನು ಬಾಣಲೆಗೆ ತುಂಬಿ ಕೋಣೆಗೆ ಒಯ್ದು, ಅದರ ಮೇಲೆ ಗಂಜಿಯ ಪಾತ್ರೆ ಇಟ್ಟಳು. ಹಳೆಯ ಸೀರೆ ಹರಿದು ಕಿಟಕಿಯ ಸಂದಿಗೆ ತುರುಕಿದಳು, ಹೊರಬಂದು ಬಾಗಿಲು ಮುಚ್ಚಿ ಅದರ ಅಡಿಗೂ ತುರುಕಿದಳು. "ಗಂಜಿ ಆತಂದ್ರೆ ಕರಿಯೇ, ಬಂದು ಇಳಿಸ್ತೆ" ಎಂದು ಮಗಳಿಗೆ ಹೊರಗಿನಿಂದಲೇ ಹೇಳಿ ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದಳು. ನಾನು ಜಗಲಿಯಲ್ಲಿ ಕಾಯಿ ತುರಿಯುತ್ತ ಕೂತಿದ್ದೆ.

ಮೊದಲು ಬಂದದ್ದು ಸೀದ ವಾಸನೆ. ಗಂಜಿ ತಳ ಹಿಡಿದಿರಬೇಕು ಎಂದುಕೊಂಡೆ. "ಸುಪ್ರಿಯಾ, ಪಾತ್ರೆ ಇಳಿಸೇ" ಎಂದು ಕೂತಲ್ಲಿಂದಲೇ ಕೂಗಿದೆ. ಉತ್ತರವಿಲ್ಲ. ನಿದ್ದೆ ಬಂದಿರಬೇಕು ಅನ್ನಿಸಿತು. ಮತ್ತೆ ಕೂಗಿದೆ. ಮಗು ಕೂಡ ಅಳಲಿಲ್ಲ. ನನ್ನ ದನಿಗೆ ಎಚ್ಚರಾಗಿ ದಿನವೂ ರಂಪ ಮಾಡುವ ಮಗು ಅದು. ಓಡಿ ಹೋಗಿ ಬಾಗಿಲು ತಳ್ಳಿದರೆ, ಕೆಳಗೆ ತುರುಕಿದ ಸೀರೆ ಸಿಕ್ಕಿಕೊಂಡು ಅದು ಅಲ್ಲಾಡುತ್ತಿಲ್ಲ. ಭುಜ ಕೊಟ್ಟು ನೂಕಿದೆ.

ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಹೊಗೆ ಅಂಥದ್ದೇನೂ ಇರಲಿಲ್ಲ, ಎಲ್ಲವೂ ಸರಿಯಾಗಿದ್ದಂತೆಯೇ ಕಾಣುತ್ತಿತ್ತು. ಸುಪ್ರಿಯಾ ಬಾಯಿ ತೆರೆದು ಮಲಗಿದ್ದಳು, ಕೆನ್ನೆ ಕೆಂಪಗಿತ್ತು. ಹಿಡಿದು ಅಲುಗಿಸಿದರೆ ತಲೆ ಬಟ್ಟೆಯ ಗೊಂಬೆಯಂತೆ ಆಚೆ ವಾಲಿತು. ಮಗುವನ್ನು ಎತ್ತಿಕೊಂಡೆ. ಅದರ ಕೈ ನನ್ನ ತೋಳಿನ ಮೇಲಿಂದ ಜಾರಿ ಸುಮ್ಮನೆ ನೇತಾಡಿತು. ಆ ನೇತಾಟವನ್ನು ಇವತ್ತಿಗೂ ಮರೆಯಲಾಗಿಲ್ಲ, ಅಧಿಕಾರಿಗಳೇ.

"ಅಮ್ಮಾ! ಬೀರಣ್ಣಾ!" ಎಂದು ಕಿರುಚುತ್ತ ಅಂಗಳಕ್ಕೆ ಬಂದೆ. ಅಮ್ಮ ಒದ್ದೆ ಕೈಯಲ್ಲೇ ಓಡಿ ಬಂದಳು. "ಎಂತ ಆತೇ? ಮಗೀಗೆ ಎಂತ ಆತು?" ಬೀರಣ್ಣ ಒಳಗೆ ನುಗ್ಗಿ ಸುಪ್ರಿಯಾಳನ್ನು ತೋಳಿನ ಅಡಿ ಹಿಡಿದು ಎಳೆದುಕೊಂಡು ಬಂದ. ಅಷ್ಟು ಹೊತ್ತಿಗೆ ನನಗೂ ತಲೆ ಸಿಡಿಯುತ್ತಿತ್ತು. ಆಂಬುಲೆನ್ಸಿಗೆ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ. ದಾರಿಯಲ್ಲಿ ಜಗದೀಶನ ಮೀನಿನ ಟೆಂಪೋ ನಿಂತಿತ್ತು. ಐಸಿನ ಪೆಟ್ಟಿಗೆಗಳನ್ನು ಅವನು ರಸ್ತೆಗೇ ಇಳಿಸಿಬಿಟ್ಟ. ನನ್ನ ತಂಗಿ ಹೋದದ್ದು ಆ ಒದ್ದೆ ಹಲಗೆಯ ಮೇಲೆ, ಅಮ್ಮನ ತೊಡೆಯಲ್ಲಿ ತಲೆಯಿಟ್ಟು.

ಕುಮಟಾ ಇನ್ನೂ ದೂರವಿತ್ತು. ನಾನು ಮಗುವಿನ ಬೆನ್ನು ತಿಕ್ಕುತ್ತ, ಅದರ ಮುಖವನ್ನು ಗಾಳಿಗೆ ಹಿಡಿದು ಕೂತಿದ್ದೆ. ಅಮ್ಮ ಒಂದೇ ಸಮನೆ ಹೇಳುತ್ತಿದ್ದಳು: "ಅವ್ರು ಮುಚ್ಚುಕೆ ಹೇಳಿದ್ರು. ನಾ ಕೇಳಿದ್ದೆ, ಮುಚ್ಚುಕೇ ಹೇಳಿದ್ರು." ನನಗೆ ಹೇಳುತ್ತಿದ್ದಳೋ, ದೇವರಿಗೆ ಹೇಳುತ್ತಿದ್ದಳೋ. ಒಂದು ತಿರುವಿನಲ್ಲಿ ಟೆಂಪೋ ಕುಲುಕಿದಾಗ ಮಗು ಕೆಮ್ಮಿತು. ಆಮೇಲೆ ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅತ್ತಿತು. ಜಗದೀಶ ಗಾಡಿ ಓಡಿಸುತ್ತಲೇ ಅತ್ತುಬಿಟ್ಟ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಸುಪ್ರಿಯಾ ಕಣ್ಣು ಬಿಟ್ಟದ್ದು ಸಂಜೆ ಹೊತ್ತಿಗೆ. ಕೆಂಡದಿಂದ ಬಣ್ಣವೂ ವಾಸನೆಯೂ ಇಲ್ಲದ ವಿಷಗಾಳಿ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡರೆ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ ಎಂದು ವೈದ್ಯರು ವಿವರಿಸಿದರು. "ಗಂಜಿ ಸೀಯದಿದ್ದರೆ ನಿಮಗೂ ಗೊತ್ತಾಗ್ತಿರ್ಲಿಲ್ಲ" ಎಂದರು. ಮಗು ಈಗ ಚೆನ್ನಾಗಿದೆ. ತಂಗಿ ಬದುಕಿದ್ದಾಳೆ, ಆದರೆ ಇನ್ನೂ ಮೊದಲಿನಂತಾಗಿಲ್ಲ. ಮಾತಿನ ನಡುವೆ ಪದ ಹುಡುಕುತ್ತಾಳೆ. ತೊಡೆಯ ಮೇಲೆಯೇ ಮಗುವನ್ನಿಟ್ಟುಕೊಂಡು "ಮಗು ಎಲ್ಲಿ?" ಎಂದು ಗಾಬರಿಯಾಗುತ್ತಾಳೆ. ಕಾಲ ಕಳೆದಂತೆ ಸರಿಹೋಗಬಹುದು ಎಂದಿದ್ದಾರೆ. "ಬಹುದು" ಎಂಬುದನ್ನು ಹಿಡಿದುಕೊಂಡು ನಾವು ಕೂತಿದ್ದೇವೆ.

ಇಷ್ಟರಲ್ಲೇ ಮುಗಿದಿದ್ದರೆ, ಕರಪತ್ರ ಹಿಂತೆಗೆಯಿರಿ ಎಂದು ಎರಡು ಸಾಲು ಬರೆದು ಸುಮ್ಮನಾಗುತ್ತಿದ್ದೆ. ಆದರೆ ಸುದ್ದಿ ಹರಡಿತು, ಪತ್ರಕರ್ತರು ನಿಮ್ಮನ್ನು ಕೇಳಿದರು. ನಿಮ್ಮ ಉತ್ತರ ಸಿದ್ಧವಾಗಿತ್ತು: ಸಲಹೆ ಬಾಣಂತಿ ಕೋಣೆಗೆ ಅನ್ವಯಿಸುವುದಿಲ್ಲ, ಹಾಗೆಂದು ಸಭೆಗಳಲ್ಲಿ ತಿಳಿಸಲಾಗಿದೆ, ಹಿರಿಯ ಮಹಿಳೆಯ ಅಜ್ಞಾನವೇ ಕಾರಣ. ಯಾವ ಸಭೆಯಲ್ಲಿ ತಿಳಿಸಿದಿರಿ? ಕರಪತ್ರದ ಯಾವ ಮೂಲೆಯಲ್ಲಿ ಆ ಮಾತಿದೆ? ಬಾಣಂತಿಗಲ್ಲದಿದ್ದರೆ ಮತ್ತೆ ಯಾರಿಗೆ ಅನ್ವಯಿಸುತ್ತದೆ? ಉಳಿದವರೆಲ್ಲ ಉಸಿರಾಡದೆ ಮಲಗುವವರೆ?

ಆ ಹೇಳಿಕೆ ಮುರ್ಡೇಶ್ವರಕ್ಕೂ ತಲುಪಿತು. ತಂಗಿಯ ಅತ್ತೆ ನಾಗಿ ಕೆಟ್ಟವರಲ್ಲ. ಆಸ್ಪತ್ರೆಗೆ ಬಂದಾಗ ಅಮ್ಮನ ಕೈ ಹಿಡಿದು ಸಮಾಧಾನ ಹೇಳಿದ್ದವರು ಅವರೇ. ಪತ್ರಿಕೆ ಬಂದ ಮರುದಿನ ನರೇಶನ ಜೊತೆ ರಿಕ್ಷಾ ಮಾಡಿಸಿಕೊಂಡು ನಮ್ಮ ಮನೆಗೆ ಬಂದರು, ಒಳಗೆ ಕೂರಲಿಲ್ಲ.

"ಗಂಗಕ್ಕ, ನಾ ಎಂತ ಹೇಳುದು? ದೊಡ್ಡ ಆಪೀಸರೇ ಪೇಪರಲ್ಲಿ ಹೇಳಿದಾರೆ. ನೀ ಅವ್ರ ಮಾತು ಸಮಾ ಕೇಳಿದ್ರೆ ಹೀಂಗೆ ಆಗ್ತಿರ್ಲಿಲ್ಲಂತೆ. ಮಗೂನ ಇನ್ನು ಇಲ್ಲಿ ಬಿಡುಕೆ ನಂಗೆ ಧೈರ್ಯ ಇಲ್ಲ."

"ಅತ್ತೆ, ಅಮ್ಮ ಕೇಳಿದ್ಳು. ಕೇಳಿದ್ದಕ್ಕೇ ಹೀಂಗಾತು" ಎಂದು ಸುಪ್ರಿಯಾ ಹೇಳಹೊರಟಳು. ಮುಂದಿನ ಪದ ಸಿಗದೆ ಅಳತೊಡಗಿದಳು. ನರೇಶ ತಲೆ ತಗ್ಗಿಸಿ ಚೀಲ ಎತ್ತಿಕೊಂಡ. ಸಭೆಯಲ್ಲಿ ನಡೆದದ್ದನ್ನು ನಾನು ಹೇಳಿದೆ, ಬೀರಣ್ಣ ಹೇಳಿದ. "ಹಂಗಾದ್ರೆ ಪೇಪರಲ್ಲಿ ಸುಳ್ಳು ಬರೀತಾರಾ?" ಎಂದರು ನಾಗತ್ತೆ. ಅದಕ್ಕೆ ಉತ್ತರ ಇರುವುದು ನಿಮ್ಮ ಬಳಿ. ತಂಗಿಯನ್ನೂ ಮಗುವನ್ನೂ ಕೂರಿಸಿಕೊಂಡು ರಿಕ್ಷಾ ಹೊರಟಾಗ ಅಮ್ಮ ಮಗುವಿನ ಕಾಲಿಗೆ ಹೊದಿಕೆ ಸರಿಮಾಡಲು ಕೈ ಚಾಚಿದವಳು, ಮುಟ್ಟದೆ ಹಿಂದೆ ತೆಗೆದುಕೊಂಡಳು.

ಅಂದಿನಿಂದ ಅವಳು ಒಲೆಯ ಮುಂದೆ ಕೂರುವುದಿಲ್ಲ. ಬಳಚು ಬೇಯಿಸಲು ಹೋಗುವುದಿಲ್ಲ. ಈ ಚಳಿಯಲ್ಲಿ ತಣ್ಣೀರು ಸುರಿದುಕೊಳ್ಳುತ್ತಾಳೆ. ನೀರು ಕಾಯಿಸಿ ಕೊಟ್ಟರೆ "ನಂಗೆ ಬೇಡ" ಎನ್ನುತ್ತಾಳೆ. ಅಭಿನಂದನೆಗಳು, ಅಧಿಕಾರಿಗಳೇ. ಇಂಧನ ಉಳಿತಾಯದಲ್ಲಿ ನಮ್ಮ ಮನೆಯನ್ನು ಮೀರಿಸುವವರು ನಿಮ್ಮ ಅಭಿಯಾನಕ್ಕೆ ಈ ಕರಾವಳಿಯಲ್ಲಿ ಸಿಗಲಾರರು.

ಜಿಲ್ಲಾ ಕೇಂದ್ರದ ನಿಮ್ಮ ಕಚೇರಿಗೂ ನಾನು ಬಂದಿದ್ದೆ. ನೀವು ಸಿಗಲಿಲ್ಲ. ಒಳಗಿದ್ದವರು "ವಿಷಯ ಪರಿಶೀಲನೆಯಲ್ಲಿದೆ" ಎಂದರು. ಹಿಂದಿರುಗುವಾಗ ಹಿರೇಗುತ್ತಿಯಲ್ಲಿ ಗೆಳತಿ ರೂಪಾಳ ಮನೆಗೆ ಹೋಗಲು ಇಳಿದೆ. ಬಸ್ ನಿಲ್ಲುವಲ್ಲಿ ಗೋಡೆಯ ಮೇಲೆ ಅದೇ ಕರಪತ್ರ. ಅದರ ಮುಂದೆ ತುಂಬು ಬಸುರಿಯೊಬ್ಬಳು ನಿಂತಿದ್ದಳು. ಪಕ್ಕದ ಹೆಂಗಸಿಗೆ ಅದನ್ನು ಬೆರಳಿಟ್ಟು ಓದಿ ಹೇಳುತ್ತಿದ್ದಳು: "ಕಾಣು ಅತ್ತೆ, ಕೆಂಡ ಒಳಗೆ ಇಟ್ಕಂಡ್ರೆ ಆತಂತೆ. ಗ್ಯಾಸೂ ಉಳೀತದೆ." ಅವರಿಬ್ಬರನ್ನೂ ಅಲ್ಲೇ ಕೂರಿಸಿ ನಮ್ಮ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ ಎದ್ದು ಆ ಕಾಗದವನ್ನು ಗೋಡೆಯಿಂದ ಕಿತ್ತೆ. ಅಂಟು ಗಟ್ಟಿಯಿತ್ತು, ಉಗುರಲ್ಲಿ ಕೆರೆದು ತೆಗೆದೆ. ಮರುದಿನ ಕುಮಟಾದಲ್ಲಿ ಕಂಡದ್ದನ್ನೂ ಕಿತ್ತೆ. ರಜೆಯ ದಿನ ಹೊನ್ನಾವರಕ್ಕೆ ಹೋಗಿ ಅಲ್ಲಿಯದನ್ನೂ ಕಿತ್ತಿದ್ದೇನೆ.

ಚಳಿ ಇನ್ನೂ ಇದೆ, ಬಾಣಂತಿಯರೂ ಇದ್ದಾರೆ. ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟು. ಉಳಿದ ಕರಪತ್ರಗಳನ್ನು ಈ ವಾರವೇ ತೆಗೆಸಿ. ಸಭೆ ಮಾಡಿದ ಊರುಗಳಿಗೆಲ್ಲ ಅದೇ ಜೀಪಿನಲ್ಲಿ ಮತ್ತೆ ಹೋಗಿ, ನಾವು ಹೇಳಿದ್ದು ಪ್ರಾಣಕ್ಕೆ ಅಪಾಯ ಎಂದು ಮೈಕಿನಲ್ಲಿ ಹೇಳಿಸಿ. ಅಮ್ಮನ ಮೇಲೆ ಹೊರಿಸಿದ ಮಾತನ್ನು ಅದೇ ಪತ್ರಿಕೆಯಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಿಂತೆಗೆದುಕೊಳ್ಳಿ. ಆ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ನೀವೇ ಮುರ್ಡೇಶ್ವರಕ್ಕೆ ಹೋಗಿ ನಾಗತ್ತೆಯ ಎದುರು ನಿಂತು, ಗಂಗಿ ಕೇಳಿದ್ದಳು, ನಾವೇ ತಪ್ಪು ಹೇಳಿದೆವು ಎನ್ನಿ.

ಇದಾವುದೂ ಆಗದು ಎನ್ನುವಿರಾದರೆ ಇನ್ನೊಂದು ದಾರಿಯಿದೆ. ಸರ್ಕಾರಿ ಪ್ರಕಟಣೆ ಕಿತ್ತದ್ದಕ್ಕೆ ನನ್ನ ಮೇಲೆ ಕೇಸು ಹಾಕಿ. ನಾನು ಒಪ್ಪಿಕೊಳ್ಳುತ್ತೇನೆ, ಸಾಕ್ಷಿ ಬೇಕಾಗುವುದಿಲ್ಲ. ಆದರೆ ನಾನು ಕಿತ್ತದ್ದೇನು ಎಂದು ನ್ಯಾಯಾಧೀಶರು ಕೇಳಿಯೇ ಕೇಳುತ್ತಾರೆ. ಆಗ ಆ ಸಲಹೆಯನ್ನು ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಬೇಕಾದವರು ನೀವು.

ಇಂತಿ,
ಉಗುರ ಸಂದಿನಲ್ಲಿ ನಿಮ್ಮ ಅಂಟು ಇನ್ನೂ ಉಳಿದಿರುವ,
ಶ್ರೀಮತಿ, ಗಂಗಿಯ ಮಗಳು
ಅಘನಾಶಿನಿ, ಕುಮಟಾ ತಾಲೂಕು