ಬೆರಳು ತೊಳೆಯುವ ನೀರು

ಮೇ 16, ಶುಕ್ರವಾರ, ಮೆಲ್ಬರ್ನ್

ಲೋಕಕ್ಕೆ ತಿಳಿಯಲಿ: ಇಂದು ನಾನು ಬೆರಳು ತೊಳೆಯುವ ನೀರನ್ನು ಭಕ್ತಿಯಿಂದ ಕುಡಿದೆ.

ಪಕ್ಕದ ಮನೆಯ ಯಹೂದಿ ಅಜ್ಜಿ ಮಿರಿಯಮ್ ಊಟಕ್ಕೆ ಕರೆದಿದ್ದರು. ಕೊನೆಗೆ ಪುಟ್ಟ ಬಟ್ಟಲಲ್ಲಿ ನೀರು ಬಂತು. ಊಟದ ಕೊನೆಗೆ ಮಂತ್ರ ಹೇಳಿ ನೀರು ಕುಡಿಯುವ ನಮ್ಮ ಉತ್ತರಾಪೋಶನವೆಂದುಕೊಂಡು ಅಂಗೈಗೆ ಸುರಿದು ಗುಟುಕರಿಸಿದೆ. ಅಜ್ಜಿ ನಕ್ಕೂ ನಕ್ಕೂ ಸುಸ್ತಾದರು. ಆಮೇಲೆ ಊಟದ ನಂತರದ ಪ್ರಾರ್ಥನೆ ಹಾಡಿ ಅರ್ಥ ಹೇಳಿದರು: ಹಸಿದವನು ದೇವರನ್ನು ನೆನೆಯುವುದು ಸುಲಭ, ಹೊಟ್ಟೆ ತುಂಬಿದವನೂ ನೆನೆಯಬೇಕು, ಬಡಿಸಿದವರನ್ನೂ ಹರಸಬೇಕು.

ನನ್ನ ಹೆಂಡತಿ ನಿವೇದಿತಾಳ ಅಡುಗೆಗೆ ಇಷ್ಟು ವರ್ಷ ನಾನು ಸಲ್ಲಿಸಿದ ಸ್ತೋತ್ರ ತೇಗೊಂದೇ. ಮನೆಗೆ ಬಂದವನೇ ನೀರು ಕುಡಿದ ಕಥೆ ಒಪ್ಪಿಸಿ ಹೇಳಿದೆ: “ನಿನ್ನ ಕೈ ಊಟ ಉಂಡೇ ಚೆನ್ನಾಗಿದ್ದೀನಿ ಕಣೇ.”

“ಏನ್ರೀ, ಆ ನೀರು ತಲೆಗೇರ್ತಾ?” ಎಂದಳು. ಆಮೇಲೆ ಮೆಲ್ಲಗೆ, “ನಿಜವಾಗ್ಲೂನಾ?”

ಈ ಪುಟವನ್ನು ಕದ್ದು ಓದುವ ಶ್ರೀಮತಿಯವರಲ್ಲಿ ವಿನಂತಿ: ನಾಳೆಯ ಸಾರು ನನ್ನದು. ಇಂಗಿನ ಡಬ್ಬಿ ಎಲ್ಲಿದೆಯೆಂದು ಇಲ್ಲೇ ಕೆಳಗೆ ಬರೆದಿಡಿ.