ಇಲಿಗಳ ಹಾಲಿಗೆ ವಿಷ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ಹೋದ ಮಂಗಳವಾರ ಮಧ್ಯಾಹ್ನ, ಬಾಗಿಲು ಹಾಕಿದ ಮೇಲೆ, ನಮ್ಮ ಗಣಪತಿ ದೇವಸ್ಥಾನದ ಇಲಿಗಳಿಗೆ ಇಡುವ ಹಾಲಿಗೆ ವಿಷ ಬೆರೆಸಿದರು. ನಾವು ಹಾಲು ಸುರಿದು ಕೈಮುಗಿಯುವ ಅದೇ ತಟ್ಟೆಗಳಲ್ಲಿ! ಬೆರೆಸಿದ್ದು ಯಾರೋ ದಾರಿಹೋಕರಲ್ಲ, ದೇವಸ್ಥಾನದ ಸಮಿತಿ. ಹೊಸ ನೆಲಹಾಸು ಹಾಕಿಸುವ ಮುಂಚೆ ಸ್ವಚ್ಛ ಮಾಡಿಸಿದರಂತೆ. ನಿನ್ನ ಪತ್ರಕ್ಕೆ ಉತ್ತರ ತಡವಾಗಿದ್ದು ಇದರಿಂದಲೇ, ಬೈಯಬೇಡ.

ಬುಧವಾರ ಬೆಳಿಗ್ಗೆ ಒಳಗೆ ಹೋದಾಗ ಕಂಬಗಳ ಮರೆಯಲ್ಲಿ ಒಂದು ಸದ್ದೂ ಇರಲಿಲ್ಲ. ಇಲಿಯನ್ನು ತುಳಿಯಬಾರದೆಂದು ಅಲ್ಲಿ ಯಾರೂ ಕಾಲೆತ್ತಿ ನಡೆಯುವುದಿಲ್ಲವಲ್ಲ. ನೀನು ಕಲಿಸಿದಂತೆ ಪಾದ ಸರಿಸುತ್ತಾ ಹೋದೆ. ಕಾಲ್ಬೆರಳಿಗೆ ಏನೋ ಮೆತ್ತಗೆ ತಾಗಿತು. ಎತ್ತಿಕೊಂಡೆ. ಅಂಗೈಯಲ್ಲಿ ಪುಟ್ಟ ಎದೆ ಇನ್ನೂ ಡವಗುಟ್ಟುತ್ತಿತ್ತು. ಸತ್ತವನ್ನು ಚೀಲಕ್ಕೆ ತುಂಬಲು ಬಂದ ಕೂಲಿಯವರು ಬೂಟು ಹಾಕಿಕೊಂಡು ದಾಪುಗಾಲಲ್ಲಿ ನಡೆದು ಹೋಗಿದ್ದರು. ಕತ್ತಲಲ್ಲಿ ಜೀವ ಹಿಡಿದುಕೊಂಡಿದ್ದ ಇಲಿಗಳು ಅವರಿಗೆ ಸಿಕ್ಕಿರಲಿಲ್ಲ.

ನಾನು ಕೂಗಿದ್ದು ಬೀದಿಗೇ ಕೇಳಿತು. ಹೂವಿನಾಕೆ ಬುಟ್ಟಿಯ ಹೂವನ್ನೆಲ್ಲ ಜಗಲಿಗೆ ಸುರಿದು, "ತಗೊಳ್ಳಿ, ಇದರಲ್ಲಿ ಮಲಗಿಸಿ" ಅಂದಳು. ಬಂದವರೆಲ್ಲ ಸಾಲಾಗಿ ಪಾದ ಸರಿಸುತ್ತಾ ಮೂಲೆಮೂಲೆ ತಡವಿದರು. ಎಂದೂ ಒಳಗೆ ಕಾಲಿಡದ ಟ್ಯಾಕ್ಸಿಯವನು ಬುಟ್ಟಿಗಳನ್ನು ಪಶುವೈದ್ಯರ ಮನೆಗೆ ಮುಟ್ಟಿಸಿದ. ವೈದ್ಯರು, "ನಾನು ಹಸು ನೋಡೋನು. ಇಷ್ಟು ಸಣ್ಣ ಬಾಯಿಗೆ ಔಷಧಿ ಹೆಂಗೆ ಹಾಕ್ಲಿ?" ಅಂತ ಗೊಣಗುತ್ತಲೇ ಪೆನ್ನಿಗೆ ಇಂಕು ತುಂಬುವ ಫಿಲ್ಲರ್ ಹುಡುಕಿ, ತೊಳೆದು, ಹನಿಹನಿಯಾಗಿ ಹಾಕಿದರು. ಟವೆಲ್ ಹಿಡಿದು ನಿಂತಿದ್ದ ಟ್ಯಾಕ್ಸಿಯವನು, "ನಮ್ಮತ್ತೆಗೂ ಇಷ್ಟು ಸೇವೆ ಮಾಡಿಲ್ಲ ಡಾಕ್ಟ್ರೇ!" ಅಂದ. ಅಳುತ್ತಿದ್ದ ಹೂವಿನಾಕೆ ಮೂಗೊರೆಸಿಕೊಂಡು ನಕ್ಕುಬಿಟ್ಟಳು.

ಅಕ್ಕಾ, ಬುಟ್ಟಿಯಲ್ಲಿದ್ದವು ಬಹುಪಾಲು ಉಳಿದವು. ಇವತ್ತು ಒಂದು ಮರಿ ತಟ್ಟೆಯ ಹತ್ತಿರ ಬಂದು, ಮೂಸಿ, ಹಿಂದೆ ಸರಿದು, ಕಡೆಗೂ ಕುಡಿಯಿತು. ಈ ಊರನ್ನು ಬೈದು ಪತ್ರಿಕೆಗೆ ನಾನು ಬರೆದದ್ದು ಕಡಿಮೆಯೇ? ಈಗ ಅವತ್ತು ಓಡಿಬಂದವರೆಲ್ಲರ ಮನೆಗೂ ಹೋಗಿ ಕೈ ಹಿಡಿದುಕೊಂಡು ಬಂದೆ. ನಾವು ಚಿಕ್ಕವರಿದ್ದಾಗ ಆರೋಗ್ಯ ಇಲಾಖೆಯವರು ದೇವಸ್ಥಾನಕ್ಕೆ ಇಲಿಪಾಷಾಣ ತಂದದ್ದು ನಿನಗೆ ನೆನಪಿರಬೇಕು. ಹಳೆಯ ಅರ್ಚಕರು, "ಮೊದಲ ತುತ್ತು ನನಗೆ ಹಾಕಿ" ಎಂದು ಬಾಗಿಲಿಗೆ ಅಡ್ಡ ಕೂತಿದ್ದರು. ಈಗ ಸಮಿತಿಯಲ್ಲಿರುವವರೂ ಅದನ್ನು ಕಣ್ಣಾರೆ ನೋಡಿದವರೇ.

ಭಾವನಿಗೆ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ, ತಣ್ಣಗಿರಲಿ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಸಮಿತಿಯ ಹೊಸ ಅಧ್ಯಕ್ಷ ನಮ್ಮ ತಮ್ಮ. ವಿಷ ಹಾಕಿಸಿದವನು ಅವನೇ. ನಿನ್ನೆ ನಮ್ಮ ಅಡುಗೆಮನೆಯಲ್ಲಿ ಕೂತು, "ತಪ್ಪಾಯ್ತು. ದೊಡ್ಡಕ್ಕಂಗೆ ಮಾತ್ರ ಹೇಳ್ಬೇಡ" ಎಂದು ಅತ್ತ. ಊಟ ಬಡಿಸಿದೆ. ಕ್ಷಮಿಸಿದೆ ಅನ್ನಲಿಲ್ಲ, ಅದು ನಾನೊಬ್ಬಳೇ ಹೇಳಿ ಮುಗಿಸುವ ಮಾತಲ್ಲ. ನಿನ್ನ ಮಾತು ಅವನು ಮೀರುವುದಿಲ್ಲ, ನೀನೇ ಹೇಳು. ಬರುವ ಭಾನುವಾರ ದೇವಸ್ಥಾನದ ಅಂಗಳದಲ್ಲಿ, ಊರವರೆಲ್ಲರ ಎದುರು ನಿಂತು ಅವನು ಉತ್ತರ ಕೊಡಲಿ: ನಂಬಿ ಬರುವ ಜೀವಗಳ ತಟ್ಟೆಗೆ ವಿಷ ಹಾಕುವ ಅಧಿಕಾರವನ್ನು ಅವನಿಗೆ ಕೊಟ್ಟವರು ಯಾರು?