ಪದಬಂಧದ ಬೈಠಕ್ಕಿನಲ್ಲಿ ಕೂಗಿದ್ದು

ಭಾನುವಾರ, ೧೨ ಅಕ್ಟೋಬರ್ ೧೯೮೦. ಮಾನ್ವಿ.

ಹಾಸಿಗೆ ಹಾಸಿದ್ದೇನೆ, ನಿದ್ದೆಯ ಸುಳಿವಿಲ್ಲ. ಇವತ್ತು ಎಲ್ಲರಿಗಿಂತ ಮೊದಲು ನನಗೇ ಹೊಳೆಯಿತು.

ಖಾಸಿಂ ಸಾಬರ ಬಟ್ಟೆ ಅಂಗಡಿಯಲ್ಲಿ ಮೂವರೂ ವಾರಪತ್ರಿಕೆಯ ಪದಬಂಧದ ಮೇಲೆ ಬಗ್ಗಿ ಕೂತಿದ್ದೆವು. 'ಎಲ್ಲೆ ಯಾರದೆಂದರೆ ಹೊತ್ತು ಹೇಳುತ್ತದೆ.' ನಾಲ್ಕಕ್ಷರ. ಯಾರಿಗೂ ಬಗೆಹರಿಯಲಿಲ್ಲ. ಎಲ್ಲೆ ಎಂದರೆ ಗಡಿ ಅಂದುಕೊಂಡೆ, ಪಕ್ಕದಲ್ಲಿ 'ಯಾರ' ತಾನಾಗಿ ಬಂದು ಕೂತಿತು. ಗಡಿಯಾರ ಎಂದು ಕೂಗಿಯೇಬಿಟ್ಟೆ.

ನಮ್ಮಲ್ಲಿ ಹಾಗೆ ಕೂಗಬಾರದು. ಸಿಕ್ಕಿತು ಎಂದಷ್ಟೇ ಹೇಳಿ, ಉಳಿದವರಿಗೂ ಹೊಳೆಯುವ ತನಕ ಸುಮ್ಮನಿರಬೇಕು. ತಪ್ಪಿದವನ ಮನೆಯಲ್ಲೇ ಮುಂದಿನ ವಾರದ ಬೈಠಕ್ಕು, ಚಹಾವೂ ಅವನದೇ.

"ಜಂಬಣ್ಣಾ, ಇಷ್ಟು ತಿಂಗಳು ಮೂಗನಂಗ ಕುಂತು ಇವತ್ತ ನಮ್ಮ ಕಿವಿ ಒಡದಿ ನೋಡಪಾ," ಎಂದರು ಸಾಬರು.

ಬಾಗಲವಾಡದಿಂದ ಬಸ್ಸಿಗೆ ಬರುವ ಹನುಮಂತ್ರಾಯ ಮೆಲ್ಲಗೆ, "ಬಿಡ್ರಿ ಸಾಬ್ರ, ಅವನ ಮನಿಯಾಗ ಈಗ ಚಾ ಮಾಡೋರು ಯಾರದಾರ? ಇಲ್ಲೇ ಕೂಡೂಣು," ಎಂದ.

"ನಾ ಮಾಡ್ತೀನಿ, ಬರ್ರಿ," ಎಂದುಬಿಟ್ಟೆ.

ನನ್ನ ಹೆಂಡತಿ ಯಮನಮ್ಮ ತೀರಿಕೊಂಡ ಮೇಲೆ ಈ ಮನೆಗೆ ಯಾರನ್ನೂ ಕರೆದಿರಲಿಲ್ಲ. ಕೂಗಿದ ಆ ಗಳಿಗೆಯಲ್ಲಿ ಅವಳಿಲ್ಲವೆಂಬುದೇ ಮರೆತುಹೋಗಿತ್ತು. ನೆನೆದರೆ ಎದೆ ಚುರ್ ಅನ್ನುತ್ತದೆ, ಆದರೂ ಖುಷಿ ಇಳಿದಿಲ್ಲ. ಮೈಯೆಲ್ಲ ಇನ್ನೂ ಬಿಸಿಯಾಗಿದೆ.

ಅವಳ ಸೀರೆ ನಡುಮನೆಯ ಹಗ್ಗದ ಮೇಲೆ ಹಾಗೇ ಇದೆ. ಅವರು ಬರುವಷ್ಟರಲ್ಲಿ ಮಡಚಿಡಬೇಕು. ಇಲ್ಲ, ಇರಲಿ, ನೋಡಿದರೆ ನೋಡಲಿ. ಬಂದವರಿಗೆಂದು ಅವಳು ತೆಗೆದಿಡುತ್ತಿದ್ದ ಚಹಾದ ಕಪ್ಪು-ಬಸಿ ಯಾವ ಪೆಟ್ಟಿಗೆಯಲ್ಲಿವೆಯೋ. ಈಗಲೇ ಎದ್ದು ಒಮ್ಮೆ ಹುಡುಕಿ ನೋಡುತ್ತೇನೆ.